ಬಣ್ಣಕ್ಕೂ ಮೊದಲೇ ಮೂಡುವ ಮುಖ

ತೈಲವರ್ಣದಲ್ಲಿ ಭಾವಚಿತ್ರ ಬಿಡಿಸಲು ಕುಳಿತವರನ್ನು ಮೊದಲು ಕಾಡುವ ಪ್ರಶ್ನೆ ಚರ್ಮದ ಬಣ್ಣವನ್ನು ಬೆರೆಸುವುದು ಹೇಗೆ ಎಂಬುದು. ಆ ಪ್ರಶ್ನೆಗೆ ಇನ್ನೂ ಸಮಯವಿದೆ. ಕಪ್ಪು-ಬಿಳುಪು ಛಾಯಾಚಿತ್ರದಲ್ಲಿಯೂ ಪರಿಚಿತರನ್ನು ನಾವು ಕ್ಷಣಮಾತ್ರದಲ್ಲಿ ಗುರುತಿಸುತ್ತೇವೆ ಎಂದ ಮೇಲೆ, ಹೋಲಿಕೆಯನ್ನು ಹಿಡಿದಿಡುವುದು ನೆರಳು-ಬೆಳಕಿನ ಹಂಚಿಕೆಯೇ ಹೊರತು ಬಣ್ಣವಲ್ಲ. ಈ ಹಂಚಿಕೆಯನ್ನು ಒಂದೇ ಬಣ್ಣದಲ್ಲಿ ಮೊದಲೇ ಇತ್ಯರ್ಥ ಮಾಡಿಕೊಳ್ಳುವ ಪದರಕ್ಕೆ ತಳವರ್ಣ ಅಥವಾ ಅಂಡರ್‌ಪೇಂಟಿಂಗ್ ಎನ್ನುತ್ತಾರೆ. ಲಿಯೊನಾರ್ಡೊ ಡ ವಿಂಚಿ 1481ರಲ್ಲಿ ಕೈಗೆತ್ತಿಕೊಂಡು ಅರ್ಧಕ್ಕೇ ಬಿಟ್ಟ ‘ಅಡೋರೇಷನ್ ಆಫ್ ದ ಮ್ಯಾಜೈ’ ಎಂಬ ಚಿತ್ರ ಈಗ ಫ್ಲಾರೆನ್ಸ್‌ನ ಉಫೀಜಿ ಸಂಗ್ರಹಾಲಯದಲ್ಲಿದೆ. ಅದು ಭಾವಚಿತ್ರವಲ್ಲದಿದ್ದರೂ, ಬರಿಯ ಕಂದು ಛಾಯೆಗಳಲ್ಲೇ ಅಲ್ಲಿನ ಮುಖಗಳು ಎಷ್ಟರಮಟ್ಟಿಗೆ ಮೂಡಿ ನಿಂತಿವೆ ಎಂಬುದನ್ನು ಒಮ್ಮೆ ಗಮನಿಸಬೇಕು.

ಎದುರಿಗೆ ಕುಳಿತವರ ಮೇಲೆ ಒಂದೇ ದಿಕ್ಕಿನಿಂದ, ತಲೆಗಿಂತ ತುಸು ಮೇಲಿನಿಂದ ಓರೆಯಾಗಿ ಬೆಳಕು ಬೀಳಲಿ. ಎರಡು ಕಡೆಯಿಂದ ಬೆಳಕು ಬಂದರೆ ಮುಖದ ಉಬ್ಬುತಗ್ಗುಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಕ್ಯಾನ್ವಾಸ್ ಮುಟ್ಟುವ ಮುನ್ನ ಬೆಂಕಿಪೊಟ್ಟಣದಷ್ಟು ಚಿಕ್ಕ ಚೌಕಟ್ಟುಗಳಲ್ಲಿ ನಾಲ್ಕೈದು ಕರಡುಗಳನ್ನು ಕಪ್ಪು, ಬೂದು, ಬಿಳಿ ಎಂಬ ಮೂರೇ ಛಾಯೆಗಳಲ್ಲಿ ಮಾಡಿಕೊಳ್ಳಬೇಕು. ಕಣ್ಣುಮೂಗು ಇಲ್ಲದ ಆ ಕರಡು ಕೋಣೆಯ ಆಚೆ ತುದಿಯಿಂದ ನೋಡಿದಾಗಲೂ ಚೆನ್ನಾಗಿ ಕಂಡರೆ ಸಂಯೋಜನೆ ಸರಿಯಿದೆ ಎಂದರ್ಥ. ಕಣ್ಣುಗಳು ಚಿತ್ರದ ನಡುಗೆರೆಗಿಂತ ಮೇಲಿರಲಿ. ದೃಷ್ಟಿ ಯಾವ ಕಡೆಗಿದೆಯೋ ಆ ಕಡೆ ಹೆಚ್ಚು ಜಾಗ ಬಿಡಿ. ತಲೆಯನ್ನು ನಿಜವಾದ ಅಳತೆಗಿಂತ ತುಸು ಚಿಕ್ಕದಾಗಿ ಬಿಡಿಸುವುದು ಕ್ಷೇಮ, ಏಕೆಂದರೆ ಅದಕ್ಕಿಂತ ದೊಡ್ಡದಾದ ತಲೆ ಚೌಕಟ್ಟಿನಿಂದ ಮುಂದಕ್ಕೆ ನುಗ್ಗಿದಂತೆ ತೋರುತ್ತದೆ.

ಅಚ್ಚ ಬಿಳಿಯ ಕ್ಯಾನ್ವಾಸ್ ಮೇಲೆ ಯಾವ ಬಣ್ಣ ಇಟ್ಟರೂ ಇರುವುದಕ್ಕಿಂತ ಕಪ್ಪಾಗಿ ಕಾಣುತ್ತದೆ. ಆದ್ದರಿಂದ ರಾ ಅಂಬರ್ ಎಂಬ ಕಂದು ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ತೆಳುವಾಗಿ ಕಲಸಿ ಇಡೀ ಮೇಲ್ಮೈಗೆ ಹಚ್ಚಿ, ಬಟ್ಟೆಯಿಂದ ಒರೆಸಿ, ನಡುಮಟ್ಟದ ಛಾಯೆಯೊಂದನ್ನು ಉಳಿಸಿಕೊಂಡು ಒಣಗಲು ಬಿಡಬೇಕು. ಅಂಬರ್‌ನಲ್ಲಿರುವ ಮ್ಯಾಂಗನೀಸ್ ಅಂಶ ಎಣ್ಣೆಯನ್ನು ಬೇಗ ಒಣಗಿಸುವುದರಿಂದ ತಳಪದರಕ್ಕೆ ಇದು ಹೇಳಿ ಮಾಡಿಸಿದ ಬಣ್ಣ; ನಿಧಾನವಾಗಿ ಒಣಗುವ ಐವರಿ ಬ್ಲ್ಯಾಕ್ ಎಂಬ ಕಪ್ಪು ಬಣ್ಣ ಇಲ್ಲಿ ಬೇಡ.

ಅದು ಒಣಗಿದ ಮೇಲೆ ಅದೇ ಅಂಬರ್‌ನಿಂದ, ಅಗಲವಾದ ಕುಂಚದಲ್ಲಿ ತಲೆಯ ಒಟ್ಟು ಆಕಾರ ಮತ್ತು ನೆರಳಿನ ದೊಡ್ಡ ಭಾಗಗಳನ್ನು ಹಾಕಿಕೊಳ್ಳಿ. ನೆತ್ತಿಯಿಂದ ಗದ್ದದವರೆಗಿನ ಎತ್ತರದ ಸರಿಯರ್ಧದಲ್ಲಿ ಕಣ್ಣಿನ ಗೆರೆ ಬರುತ್ತದೆ. ಹೊಸಬರು ಹಣೆಯನ್ನು ಮೊಟಕುಗೊಳಿಸಿ ಕಣ್ಣನ್ನು ಮೇಲೇರಿಸುವುದೇ ಹೆಚ್ಚು. ಇಲ್ಲಿ ಬಿಳಿ ಬಣ್ಣದ ಅಗತ್ಯವಿಲ್ಲ. ಕಡು ಭಾಗಕ್ಕೆ ಬಣ್ಣ ಹಚ್ಚಿ, ಬೆಳಕಿನ ಭಾಗವನ್ನು ಬಟ್ಟೆಯಿಂದ ಒರೆಸಿ ತೆಗೆಯುತ್ತಾ ಹೋದರೆ ಸಾಕು. ಮೂಗನ್ನು ಅರ್ಧ ಅಂಗುಲ ಪಕ್ಕಕ್ಕೆ ಸರಿಸಬೇಕಾದರೂ ಈ ಹಂತದಲ್ಲಿ ಒಂದು ಒರೆಸಿನಲ್ಲಿ ಕೆಲಸ ಮುಗಿಯುತ್ತದೆ, ಬಣ್ಣ ಬಂದ ಮೇಲೆ ಅದಕ್ಕೆ ಒಂದು ದಿನವೇ ಬೇಕಾಗುತ್ತದೆ.

ಛಾಯೆಯನ್ನು ಅಳೆಯಲು ಕಣ್ಣು ಕಿರಿದು ಮಾಡಿ ನೋಡುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆಗ ರೆಪ್ಪೆ, ಸುಕ್ಕು, ಕೂದಲೆಳೆಗಳು ಕರಗಿ ಬೆಳಕಿನ ಪಾಲು ಮತ್ತು ನೆರಳಿನ ಪಾಲು ಮಾತ್ರ ಉಳಿಯುತ್ತವೆ. ಒಂದೇ ಮೈಬಣ್ಣದ ಮುಖದಲ್ಲಿ, ನೆರಳಿನೊಳಗಿನ ಅತಿ ತಿಳಿಯಾದ ಜಾಗವೂ ಬೆಳಕಿನೊಳಗಿನ ಅತಿ ಕಡುವಾದ ಜಾಗಕ್ಕಿಂತ ಕಡುವಾಗಿಯೇ ಇರಬೇಕು. ದವಡೆಯ ಕೆಳಗೆ ಅಂಗಿಯಿಂದ ಪ್ರತಿಫಲಿಸುವ ಬೆಳಕು ಇಲ್ಲಿ ನಮ್ಮನ್ನು ಸುಲಭವಾಗಿ ಮೋಸಗೊಳಿಸುತ್ತದೆ. ಅದನ್ನು ಕಂಡಷ್ಟು ತಿಳಿಯಾಗಿ ಹಚ್ಚಿದರೆ ಮುಖ ತಗಡಿನಂತೆ ಚಪ್ಪಟೆಯಾಗುತ್ತದೆ. ಕಣ್ಣಿನ ಬಿಳಿಯೂ ಹಾಗೆಯೇ: ಅದು ರೆಪ್ಪೆಯ ನೆರಳಿನಲ್ಲಿರುವ ಗೋಳವಾದ್ದರಿಂದ ನಿಜವಾಗಿ ಬಿಳಿಯಾಗಿರುವುದಿಲ್ಲ. ಆಗಾಗ ಚಿತ್ರವನ್ನು ಕನ್ನಡಿಯಲ್ಲಿ ನೋಡುತ್ತಿರಿ. ಗಂಟೆಗಟ್ಟಲೆ ನೋಡಿ ಕಣ್ಣಿಗೆ ಒಗ್ಗಿಹೋದ ವಾರೆ ಅಲ್ಲಿ ತಟ್ಟನೆ ಸಿಕ್ಕಿಬೀಳುತ್ತದೆ.

ತಳವರ್ಣ ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲಷ್ಟೇ ಬಣ್ಣಕ್ಕೆ ಕೈಹಾಕಬೇಕು. ತೈಲವರ್ಣದಲ್ಲಿ ಬೆರೆತಿರುವ ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಎಣ್ಣೆ ಹೆಚ್ಚಿರುವ ಪದರದ ಮೇಲೆ ಎಣ್ಣೆ ಕಡಿಮೆಯಿರುವ ಪದರ ಹಚ್ಚಿದರೆ, ಮೇಲಿನದು ಮೊದಲು ಬಿಗಿದು ಬಿರುಕು ಬಿಡುತ್ತದೆ. ಹೀಗಾಗಿ ಪ್ರತಿ ಪದರದಲ್ಲೂ ಎಣ್ಣೆಯ ಪಾಲು ಸ್ವಲ್ಪಸ್ವಲ್ಪ ಹೆಚ್ಚುತ್ತಾ ಹೋಗಲಿ.

ಬಣ್ಣಗಳು ಕಡಿಮೆಯಿದ್ದಷ್ಟೂ ಒಳ್ಳೆಯದು. ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಜೋರ್ನ್ (1860–1920) ಅವರ ಹೆಸರಿನಲ್ಲಿ ಕರೆಯಲಾಗುವ ಪ್ಯಾಲೆಟ್‌ನಲ್ಲಿ, ಅಂದರೆ ಬಣ್ಣಗಳ ಆಯ್ಕೆಯಲ್ಲಿ, ಇರುವುದು ಬಿಳಿ, ಯೆಲ್ಲೊ ಓಕರ್ ಎಂಬ ಮಣ್ಣಿನ ಹಳದಿ, ಒಂದು ಕೆಂಪು ಮತ್ತು ಕಪ್ಪು ಮಾತ್ರ. ಬೆರೆಸಿದ ಬಣ್ಣವನ್ನು ಬಣ್ಣ ಕಲಸುವ ಚೂರಿಯ ತುದಿಯಲ್ಲಿ ಹಿಡಿದು, ಅದು ಸೇರಬೇಕಾದ ತಳವರ್ಣದ ಪಕ್ಕಕ್ಕಿಟ್ಟು ಕಣ್ಣು ಕಿರಿದು ಮಾಡಿ ನೋಡಿ. ಎರಡರ ಗಡಿ ಮಾಯವಾದರೆ ಛಾಯೆ ಸರಿಯಿದೆ. ಕೆನ್ನೆ, ಮೂಗು, ಕಿವಿಗಳಲ್ಲಿ ರಕ್ತನಾಳಗಳು ದಟ್ಟವಾಗಿರುವುದರಿಂದ ಹಣೆ ಮತ್ತು ಗದ್ದಕ್ಕಿಂತ ಅಲ್ಲಿ ಕೆಂಪು ಹೆಚ್ಚಿರುತ್ತದೆ. ನೆರಳಿಗೆ ಬಣ್ಣ ತೆಳುವಾಗಿರಲಿ, ಕೆಳಗಿನ ಕಂದು ಅಲ್ಲಲ್ಲಿ ಇಣುಕುತ್ತಿರಲಿ. ಬೆಳಕಿಗೆ ದಪ್ಪವಾಗಿ ಹಚ್ಚಿ. ಮುಖದ ಅಂಚುಗಳೆಲ್ಲ ಒಂದೇ ಸಮನೆ ಹರಿತವಾಗಿದ್ದರೆ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ನೆರಳಿನ ಬದಿಯ ಕೂದಲನ್ನು ಹಿನ್ನೆಲೆಯೊಳಗೆ ಕರಗಲು ಬಿಟ್ಟು, ಹರಿತವಾದ ಅಂಚನ್ನು ಕಣ್ಣಿನ ಸುತ್ತಲಿಗೆ ಮೀಸಲಿಡಿ. ಕಣ್ಣಿನ ಹೊಳಪು ಎಲ್ಲಕ್ಕಿಂತ ಕೊನೆಯದು, ಅದನ್ನು ಒಂದೇ ಸ್ಪರ್ಶದಲ್ಲಿ ಇಟ್ಟು ಕೈ ತೆಗೆಯಬೇಕು.

ಅಗಸೆ ಎಣ್ಣೆ ಮೆತ್ತಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆದರೆ ತಾವಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಅವನ್ನು ನೀರಿನಲ್ಲಿ ನೆನೆಸಿ, ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿಡಬೇಕು. ಅಂತಿಮ ವಾರ್ನಿಷ್‌ಗೆ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಕಾಯುತ್ತಾರೆ, ಬಣ್ಣ ದಪ್ಪವಾಗಿದ್ದಲ್ಲಿ ಅದಕ್ಕಿಂತಲೂ ಹೆಚ್ಚು.