ಸರ್ವರ್ ಬಾಡಿಗೆ ಅಗ್ಗ, ಹೊರಗೆ ಹೋಗುವ ಜಿಬಿ ದುಬಾರಿ: ಸಣ್ಣ ವಿಪಿಎಸ್ ಇಟ್ಟುಕೊಳ್ಳುವ ಬಗೆ

ಆಲ್ದೂರಿನ ಆಚೆ ನಮ್ಮ ಭಾವನ ಹೋಂಸ್ಟೇ ಇದೆ. ಅದಕ್ಕೆ ವೆಬ್‌ಸೈಟ್ ಮಾಡಿಕೊಟ್ಟವನು ನಾನೇ. ತಿಂಗಳಿಗೆ ನಾನೂರು ಚಿಲ್ಲರೆ ರೂಪಾಯಿಯ ಒಂದು ವಿಪಿಎಸ್ (ಕಂಪನಿಯ ದೊಡ್ಡ ಕಂಪ್ಯೂಟರಿನಲ್ಲಿ ನಮಗೆ ಬಾಡಿಗೆಗೆ ಸಿಗುವ ಒಂದು ಪಾಲು), ಅದರ ಮೇಲೆ ಸೈಟು, ಸೈಟ್ ತೆರೆದ ಕೂಡಲೇ ತಾನಾಗಿ ಓಡುವ ವಿಡಿಯೋ: ಮಂಜು, ಕಾಫಿ ಹೂವು, ಹಿಂದೆ ಮುಳ್ಳಯ್ಯನಗಿರಿ. ವಿಡಿಯೋ 22 ಎಂಬಿ. ಡಿಸೆಂಬರ್ ರಜೆ ಬಂತು, ಬೆಂಗಳೂರಿನವರು ರೂಮ್ ಹುಡುಕಲು ಶುರು ಮಾಡಿದರು, ಜನವರಿ ಮೊದಲ ವಾರ ಭಾವ ಫೋನ್ ಮಾಡಿ "ಏನಪ್ಪಾ ಇದು, ನಾನೂರು ಅಂದಿದ್ದೆ, ಕಾರ್ಡಿನಿಂದ ಐದು ಸಾವಿರ ಹೋಗಿದೆ" ಅಂದರು.

ಕಂಪನಿಯವರು ಮೋಸ ಮಾಡಿರಲಿಲ್ಲ. ಬೆಲೆಪಟ್ಟಿಯ ಕೆಳಗೆ ಎಲ್ಲವೂ ಬರೆದಿತ್ತು, ನಾನು ಅಷ್ಟು ಕೆಳಗೆ ಹೋಗಿರಲಿಲ್ಲ. ಜೀಪಿನವನು ದಿನದ ಬಾಡಿಗೆ ಕಮ್ಮಿ ಹೇಳಿ, ಇಷ್ಟು ಕಿಲೋಮೀಟರ್ ದಾಟಿದರೆ ಕಿಲೋಮೀಟರಿಗೆ ಇಷ್ಟು ಅಂತಾನಲ್ಲ, ಅದೇ ಲೆಕ್ಕ. ಸರ್ವರಿನ ಬಾಡಿಗೆ ಬೇರೆ, ಅದರಿಂದ ಹೊರಗೆ ಹೋಗುವ ಡೇಟಾದ ಬಾಡಿಗೆ ಬೇರೆ. ಒಳಗೆ ಬರುವುದಕ್ಕೆ ಸಾಮಾನ್ಯವಾಗಿ ದುಡ್ಡಿಲ್ಲ.

ಆ ವಿಡಿಯೋದ ಲೆಕ್ಕವನ್ನೇ ಹಾಕಿ ನೋಡಿ. ದಿನಕ್ಕೆ 900 ಜನ ಸೈಟ್ ತೆರೆದರೆ 22 ಎಂಬಿ ಗುಣಿಸು 900, ಹತ್ತಿರ ಹತ್ತಿರ 20 ಜಿಬಿ. ತಿಂಗಳಿಗೆ 594 ಜಿಬಿ. ಜಿಬಿಗೆ 10 ಸೆಂಟ್ ಅಂತ ಹಿಡಿದರೆ 59 ಡಾಲರ್. (ನಮ್ಮ ಕಡೆ ಸೆಂಟ್ ಅಂದರೆ ಮಳೆ, 100 ಸೆಂಟಿಗೆ ಒಂದು ಇಂಚು. ಇಲ್ಲಿ 100 ಸೆಂಟಿಗೆ ಒಂದು ಡಾಲರ್. ಮಳೆ ಸೆಂಟ್ ಜಾಸ್ತಿ ಆದಷ್ಟೂ ಖುಷಿ, ಈ ಸೆಂಟ್ ಹಾಗಲ್ಲ.)

ಮೊದಲು ಅಳೆಯಿರಿ

ಹೊಸ ಪ್ಲಾನ್ ಹುಡುಕುವ ಮೊದಲು ಈಗ ಎಷ್ಟು ಹೋಗುತ್ತಿದೆ ಅಂತ ಗೊತ್ತಿರಬೇಕು. ಸರ್ವರಿನಲ್ಲಿ ವಿಎನ್‌ಸ್ಟ್ಯಾಟ್ ಅನ್ನೋ ಪುಟ್ಟ ಪ್ರೋಗ್ರಾಂ ಹಾಕಿಕೊಳ್ಳಿ. ಉಬುಂಟು, ಡೆಬಿಯನ್ (ಸರ್ವರ್ ನಡೆಸುವ ಲಿನಕ್ಸ್‌ಗಳು) ಎರಡರಲ್ಲೂ ಅವುಗಳ ಸಂಗ್ರಹದಲ್ಲೇ ಸಿಗುತ್ತದೆ, ಪುಕ್ಕಟೆ. ದಿನದ ಲೆಕ್ಕ, ತಿಂಗಳ ಲೆಕ್ಕ ಎರಡನ್ನೂ ತೋರಿಸುತ್ತದೆ. ಅದರಲ್ಲಿ ಆರ್‌ಎಕ್ಸ್ ಅಂದರೆ ಒಳಗೆ ಬಂದಿದ್ದು, ಟಿಎಕ್ಸ್ ಅಂದರೆ ಹೊರಗೆ ಹೋಗಿದ್ದು. ಹೆಚ್ಚಿನ ಕಡೆ ನಿಮಗೆ ಬೇಕಾಗಿರೋದು ಟಿಎಕ್ಸ್ ಮಾತ್ರ. ಎರಡನ್ನೂ ಕೂಡಿಸಿದ ಮೊತ್ತ ನೋಡಿ ಗಾಬರಿ ಆಗಬೇಡಿ.

ಎಷ್ಟು ಅಂತ ಇದು ಹೇಳುತ್ತದೆ, ಯಾವುದರಿಂದ ಅಂತ ಹೇಳುವುದಿಲ್ಲ. ಅದಕ್ಕೆ ಗೋಆಕ್ಸೆಸ್ ಅಂತ ಇನ್ನೊಂದಿದೆ. ವೆಬ್ ಸರ್ವರಿನ ಲಾಗ್ (ಯಾರು ಏನು ಕೇಳಿದರು ಅಂತ ಬರೆದಿಡುವ ಫೈಲ್) ಕೊಟ್ಟರೆ ಯಾವ ಫೈಲ್ ಎಷ್ಟು ಜಿಬಿ ತಿಂದಿದೆ, ಯಾರು ಬಂದು ತಿಂದರು ಅಂತ ಸಾಲಾಗಿ ತೋರಿಸುತ್ತದೆ. ನಾನು ನೋಡಿದಾಗ ಮೂರು ವರ್ಷ ಹಳೆಯ ಒಂದು ಬ್ರೋಷರ್ ಪಿಡಿಎಫ್ ಮೇಲಿನ ಸಾಲಿನಲ್ಲೇ ಕೂತಿತ್ತು. ಮನುಷ್ಯರು ಯಾರೂ ಅದನ್ನು ಓದುತ್ತಿರಲಿಲ್ಲ. ಬರೀ ಬಾಟ್‌ಗಳು (ತಾವಾಗಿ ಸೈಟ್‌ಗಳನ್ನು ಸುತ್ತುವ ಪ್ರೋಗ್ರಾಂಗಳು) ಬಂದು ಮತ್ತೆ ಮತ್ತೆ ಇಳಿಸಿಕೊಳ್ಳುತ್ತಿದ್ದವು. ಅಳಿಸಿ ಹಾಕಿದೆ. ಇವತ್ತಿನವರೆಗೂ ಯಾರೂ ಕೇಳಿಲ್ಲ.

ಬಾಟ್‌ಗಳಿಗೆ ರೋಬಾಟ್ಸ್ ಫೈಲಿನಲ್ಲಿ ಬೇಡ ಅಂತ ಬರೆದರೆ ಮರ್ಯಾದಸ್ಥರು ಕೇಳುತ್ತಾರೆ. ಕೇಳದವರನ್ನು ಪುಟ ಹಂಚುವ ಪ್ರೋಗ್ರಾಂ ಎಂಜಿನ್‌ಎಕ್ಸ್‌ನಲ್ಲೇ ಹೆಸರು ನೋಡಿ ತಡೆಯಬೇಕು. ಗೂಗಲ್‌ನ ಬಾಟ್ ತಡೆಯಬೇಡಿ, ಹೋಂಸ್ಟೇ ಹುಡುಕಾಟದಲ್ಲಿ ಸಿಗದೆ ಹೋದರೆ ಭಾವ ಮತ್ತೆ ಫೋನ್ ಮಾಡುತ್ತಾರೆ.

ಆಮೇಲೆ ಇಳಿಸಿ

ಹೆಚ್ಚಿನವರು ಇಲ್ಲಿ ತಪ್ಪುತ್ತಾರೆ. ಬಿಲ್ ಜಾಸ್ತಿ ಬಂದ ಕೂಡಲೇ ಅಗ್ಗದ ಕಂಪನಿ ಹುಡುಕಲು ಹೊರಡುತ್ತಾರೆ. ಅದರ ಬದಲು ಹೊರಗೆ ಹೋಗುವುದನ್ನು ಕಮ್ಮಿ ಮಾಡಿದರೆ ಇದ್ದ ಪ್ಲಾನೇ ಸಾಕಾಗಬಹುದು.

ವಿಡಿಯೋವನ್ನು ನಿಮ್ಮ ಸರ್ವರಿನಲ್ಲಿ ಇಡಲೇಬೇಡಿ. ಯೂಟ್ಯೂಬಿಗೆ ಹಾಕಿ, ಸೈಟಿನಲ್ಲಿ ಒಂದು ಚಿತ್ರ ಇಟ್ಟು, ಒತ್ತಿದವರಿಗೆ ಮಾತ್ರ ಓಡುವ ಹಾಗೆ ಮಾಡಿ. ಫೋನಿನಲ್ಲಿ ತೆಗೆದ 4-5 ಎಂಬಿ ಫೋಟೋವನ್ನು ಹಾಗೇ ಏರಿಸಬೇಡಿ. 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ ಅನ್ನೋ ಹಗುರ ಫೋಟೋ ನಮೂನೆಗೆ ಬದಲಿಸಿದರೆ 150 ಕೆಬಿ ಆಸುಪಾಸಿಗೆ ಬರುತ್ತದೆ, ಮೊಬೈಲಿನಲ್ಲಿ ನೋಡುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಮ್ಮೆ ಇಳಿಸಿಕೊಂಡ ಫೋಟೋವನ್ನು ಬ್ರೌಸರ್ 30 ದಿನ ಇಟ್ಟುಕೊಳ್ಳಲಿ ಅಂತ ಎಂಜಿನ್‌ಎಕ್ಸ್‌ನಲ್ಲಿ ಒಂದು ಸಾಲು ಬರೆಯಿರಿ. ಇಷ್ಟೇ ಮಾಡಿದರೂ ಬಿಲ್ಲಿನ ದೊಡ್ಡ ಭಾಗ ಹೋಗುತ್ತದೆ.

ಕನ್ನಡ ಸೈಟ್ ನಡೆಸುವವರಿಗೆ ಬೇರೆಯದೇ ಒಂದು ವಿಷಯ. ಇಂಗ್ಲಿಷ್ ಅಕ್ಷರ ಒಂದು ಬೈಟ್. ಯುಟಿಎಫ್-8ರಲ್ಲಿ (ಕಂಪ್ಯೂಟರ್ ಅಕ್ಷರ ಬರೆದಿಡುವ ಪದ್ಧತಿ) ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್. 'ಕಾ' ಅಂತ ಬರೆದರೆ ಆರು, 'ಕ್ಷಿ' ಅಂತ ಬರೆದರೆ ಹನ್ನೆರಡು. ಆದರೆ ಆ ಬೈಟ್‌ಗಳಲ್ಲಿ ಒಂದೇ ಥರದ್ದು ಮತ್ತೆ ಮತ್ತೆ ಬರುವುದರಿಂದ ಜಿಜಿಪ್ ಅನ್ನೋ ಕುಗ್ಗಿಸುವ ವಿಧಾನ ಹಾಕಿದರೆ ಚೆನ್ನಾಗಿ ಕುಗ್ಗುತ್ತದೆ. ಇಲ್ಲೊಂದು ಗುಂಡಿ ಇದೆ: ಎಂಜಿನ್‌ಎಕ್ಸ್‌ನಲ್ಲಿ ಸುಮ್ನೆ ಜಿಜಿಪ್ ಆನ್ ಮಾಡಿದರೆ ಅದು ಎಚ್‌ಟಿಎಂಎಲ್ ಪುಟವನ್ನು ಮಾತ್ರ ಕುಗ್ಗಿಸುತ್ತದೆ. ಪುಟದ ಅಲಂಕಾರದ ಸಿಎಸ್‌ಎಸ್, ಪುಟದೊಳಗೆ ಓಡುವ ಜಾವಾಸ್ಕ್ರಿಪ್ಟ್, ಡೇಟಾ ಸಾಗಿಸುವ ಜೇಸನ್ ಕೂಡ ಕುಗ್ಗಬೇಕಾದರೆ ಅವುಗಳ ಹೆಸರನ್ನು ನೀವೇ ಬರೆಯಬೇಕು. ನಾನು ಒಂದು ವರ್ಷ ಆನ್ ಆಗಿದೆ ಅಂದುಕೊಂಡೇ ಇದ್ದೆ. ಇನ್ನು ಕನ್ನಡ ವೆಬ್ ಫಾಂಟ್. ಒಂದೊಂದು ದಪ್ಪಕ್ಕೂ ಒಂದೊಂದು ಫೈಲ್ ಇಳಿಯುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಅಕ್ಷರ ಹೇಗೂ ಇರುತ್ತದೆ, ಅದನ್ನೇ ಬಳಸಿ ಬಿಡಿ. ಚಂದ ಸ್ವಲ್ಪ ಕಮ್ಮಿ, ಪರವಾಗಿಲ್ಲ.

ಭಾವನ ಸೈಟ್ ಬಿಟ್ಟು ನನ್ನದೇ ಇನ್ನೊಂದಿದೆ. ಸುತ್ತಮುತ್ತಲಿನ ತೋಟದವರು ಮಳೆ ಲೆಕ್ಕ ಹಾಕುವ, ಅರೇಬಿಕಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ ರೇಟ್ ನೋಡುವ ಪುಟ. ಫೋಟೋ ಇಲ್ಲ, ವಿಡಿಯೋ ಇಲ್ಲ, ಆದರೂ ತಿಂಗಳಿಗೆ 230 ಜಿಬಿ ಹೋಗುತ್ತಿತ್ತು. ಎಲ್ಲಿಂದ ಅಂತ ಹುಡುಕಿದರೆ ಪುಟ 30 ಸೆಕೆಂಡಿಗೊಮ್ಮೆ ತಾನಾಗಿ ರೇಟ್ ಕೇಳುತ್ತಿತ್ತು, ಪ್ರತಿ ಸಲ 40 ಕೆಬಿ. ಒಬ್ಬರು ಕಂಪ್ಯೂಟರಿನಲ್ಲಿ ಎಂಟು ಗಂಟೆ ತೆರೆದಿಟ್ಟರೆ 960 ಸಲ, 38 ಎಂಬಿ. 200 ಜನ ತೆರೆದಿಟ್ಟರೆ ದಿನಕ್ಕೆ 7.7 ಜಿಬಿ. ಕಾಫಿ ರೇಟ್ 30 ಸೆಕೆಂಡಿಗೊಮ್ಮೆ ಎಲ್ಲಿ ಬದಲಾಗುತ್ತದೆ, ಅಲ್ವಾ? ಐದು ನಿಮಿಷಕ್ಕೊಮ್ಮೆ ಅಂತ ಮಾಡಿದೆ, ಬೇಡದ ಕಾಲಂಗಳನ್ನು ತೆಗೆದು 2 ಕೆಬಿಗೆ ಇಳಿಸಿದೆ. ಈಗ ಅದೇ 200 ಜನಕ್ಕೆ ತಿಂಗಳಿಗೆ 1.2 ಜಿಬಿ ಕೂಡ ದಾಟುವುದಿಲ್ಲ. ಮಾರ್ಚ್‌ನಲ್ಲಿ ಹೂಮಳೆ ಬಂದ ಸಂಜೆ ಮೂಡಿಗೆರೆಯಿಂದ ಸಕಲೇಶಪುರದವರೆಗೆ ಎಲ್ಲರೂ ಒಟ್ಟಿಗೆ "ನಿಮ್ಮಲ್ಲಿ ಎಷ್ಟು ಸೆಂಟ್" ಅಂತ ನೋಡಲು ಬಂದರೂ ಸರ್ವರ್ ಅಲ್ಲಾಡುವುದಿಲ್ಲ.

ಬ್ಯಾಕಪ್ ಕೂಡ ಹೊರಗೆ ಹೋಗುವ ಡೇಟಾನೇ. ದಿನಾ 2 ಜಿಬಿ ಪೂರ್ತಿ ಕಾಪಿ ಮನೆಗೆ ಇಳಿಸಿಕೊಂಡರೆ ತಿಂಗಳಿಗೆ 60 ಜಿಬಿ. ರೆಸ್ಟಿಕ್ ಅನ್ನೋ ಬ್ಯಾಕಪ್ ಪ್ರೋಗ್ರಾಂ ಬಳಸಿ, ಬದಲಾದ ಭಾಗ ಮಾತ್ರ ಹೋಗುತ್ತದೆ.

ಮುಂದೆ ಯಾರನ್ನು ನಿಲ್ಲಿಸುವುದು

ಸೈಟಿನ ಮುಂದೆ ನಿಂತು ಅದರ ಫೈಲ್ ಹಂಚುವ ಕಂಪನಿ ಕ್ಲೌಡ್‌ಫ್ಲೇರ್. ಅದರ ಪುಕ್ಕಟೆ ಪ್ಲಾನ್ ಮುಂದೆ ಇಟ್ಟರೆ ಫೋಟೋ, ಸಿಎಸ್‌ಎಸ್ ಇವನ್ನೆಲ್ಲ ಅದೇ ಇಟ್ಟುಕೊಂಡು ಹಂಚುತ್ತದೆ, ನಿಮ್ಮ ಸರ್ವರಿನಿಂದ ಹೋಗುವುದು ಕಮ್ಮಿ. ಎಚ್‌ಟಿಎಂಎಲ್ ಮತ್ತು ಜೇಸನ್‌ಗಳನ್ನು ಅದು ತಾನಾಗಿ ಇಟ್ಟುಕೊಳ್ಳುವುದಿಲ್ಲ, ಬೇಕಾದರೆ ನೀವು ನಿಯಮ ಬರೆಯಬೇಕು. ದೊಡ್ಡ ಫೈಲ್‌ಗಳಿದ್ದರೆ ಅವರದೇ ಆರ್2 ಅನ್ನೋ ಫೈಲ್ ಇಡುವ ಜಾಗ ಇದೆ. ಅಲ್ಲಿ ಇಡುವುದಕ್ಕೆ ದುಡ್ಡು, ಹೊರಗೆ ಹೋಗುವುದಕ್ಕೆ ಇಲ್ಲ. ಮೊದಲ 10 ಜಿಬಿ ಇಡುವುದೂ ಪುಕ್ಕಟೆ. ಒಂದು ಹೋಂಸ್ಟೇಯ ಫೋಟೋಗಳಿಗೆ ಅಷ್ಟು ಧಾರಾಳ.

ಎಲ್ಲಿ ತೆಗೆದುಕೊಳ್ಳುವುದು

ಈಗ ಕಂಪನಿ ನೋಡಿ. ಒಂದೇ ಪ್ರಶ್ನೆ ಕೇಳಿ: ಪ್ಲಾನಿನಲ್ಲಿ ಎಷ್ಟು ಜಿಬಿ ಸೇರಿದೆ, ದಾಟಿದರೆ ಜಿಬಿಗೆ ಎಷ್ಟು?

ಅಮೆಜಾನ್‌ನ ಬಾಡಿಗೆ ಸರ್ವರ್ ಇಸಿ2ಗೆ ಮುಂಬೈಯಲ್ಲಿ ತಿಂಗಳಿಗೆ ಮೊದಲ 100 ಜಿಬಿ ಪುಕ್ಕಟೆ, ಆಮೇಲೆ ಜಿಬಿಗೆ 10.93 ಸೆಂಟ್. ಅದೇ ಅಮೆರಿಕದ ವರ್ಜೀನಿಯಾದಲ್ಲಿ 9 ಸೆಂಟ್. ಸಾಲದ್ದಕ್ಕೆ 2024ರ ಫೆಬ್ರವರಿಯಿಂದ ಪ್ರತಿ ಐಪಿವಿ4 ವಿಳಾಸಕ್ಕೂ (ಇಂಟರ್‌ನೆಟ್ಟಿನಲ್ಲಿ ಸರ್ವರ್ ಸಿಗುವ ನಂಬರು) ಗಂಟೆಗೆ ಅರ್ಧ ಸೆಂಟ್, ತಿಂಗಳಿಗೆ 3.6 ಡಾಲರ್. ಅವರದೇ ಲೈಟ್‌ಸೇಲ್ ತೆಗೆದುಕೊಂಡರೆ ಡೇಟಾ ಸೇರಿಸಿ ಕೊಡುತ್ತಾರೆ, ಆದರೆ ಮುಂಬೈಯಲ್ಲಿ ಬೇರೆ ಕಡೆಯ ಅರ್ಧದಷ್ಟೇ. ಪ್ಲಾನ್ ಪುಟದಲ್ಲಿ 1 ಟಿಬಿ ಅಂತ ಕಂಡರೆ ನಮಗೆ 500 ಜಿಬಿ ಅಂತ ಓದಿಕೊಳ್ಳಿ.

ಡಿಜಿಟಲ್‌ಓಶನ್‌ಗೆ ಬೆಂಗಳೂರಿನಲ್ಲೇ ಜಾಗ ಇದೆ. 4 ಡಾಲರ್ ಪ್ಲಾನಿಗೆ 500 ಜಿಬಿ, ದಾಟಿದರೆ ಜಿಬಿಗೆ 1 ಸೆಂಟ್. ಲಿನೋಡ್ ಮುಂಬೈಯಲ್ಲಿದೆ, 5 ಡಾಲರ್‌ಗೆ 1 ಟಿಬಿ. ಜಿಬಿಗೆ 11 ಸೆಂಟ್ ಎಲ್ಲಿ, 1 ಸೆಂಟ್ ಎಲ್ಲಿ! ಸಣ್ಣ ಸೈಟಿಗೆ ನಾನು ಇವೆರಡರಲ್ಲಿ ಒಂದನ್ನು ಹೇಳುತ್ತೇನೆ. ದರ ಆಗಾಗ ಬದಲಾಗುತ್ತದೆ, ತೆಗೆದುಕೊಳ್ಳುವ ದಿನ ಮತ್ತೊಮ್ಮೆ ನೋಡಿ.

ಡೇಟಾ ನಿಜವಾಗಲೂ ಜಾಸ್ತಿ ಇದ್ದರೆ ದೂರ ಹೋಗಿ. ಹೆಟ್ಜ್ನರ್ ಜರ್ಮನಿಯಲ್ಲಿ ಸಣ್ಣ ಪ್ಲಾನಿಗೂ 20 ಟಿಬಿ ಸೇರಿಸಿ ಕೊಡುತ್ತದೆ. ಅವರ ಸಿಂಗಾಪುರಕ್ಕೆ ಹೋದರೆ ಅಷ್ಟು ಸಿಗುವುದಿಲ್ಲ, ಜರ್ಮನಿಯೇ ಆಗಬೇಕು. ದೂರ ಅಂದರೆ ನಿಧಾನ ಅಲ್ವಾ ಅಂತ ಕೇಳಬಹುದು. ಹೌದು, ಪ್ರತಿ ಸಲ ಹೋಗಿ ಬರಲು ಒಂದು ಸೆಕೆಂಡಿನ ಏಳನೇ ಒಂದು ಭಾಗದಷ್ಟು ಹಿಡಿಯುತ್ತದೆ. ಬುಕಿಂಗ್ ಥರದ ಸೈಟಿಗೆ ಸ್ವಲ್ಪ ಎದ್ದು ಕಾಣುತ್ತದೆ. ಬರೀ ಪುಟ, ಫೋಟೋ, ಪಿಡಿಎಫ್ ಇರುವ ಸೈಟಿಗೆ ಏನೂ ಆಗುವುದಿಲ್ಲ. ಕೊಟ್ಟಿಗೆಹಾರದ ಆಚೆ ಒಂದು ಕಡ್ಡಿ ಸಿಗ್ನಲ್ ಹಿಡಿದು ನೋಡುವವರಿಗೆ ಸರ್ವರ್ ಬೆಂಗಳೂರಿನಲ್ಲಿದ್ದರೂ ಒಂದೇ, ಜರ್ಮನಿಯಲ್ಲಿದ್ದರೂ ಒಂದೇ.

ಅನ್‌ಮೀಟರ್ಡ್ (ಜಿಬಿ ಎಣಿಸುವುದಿಲ್ಲ) ಅಂತ ಬರೆದಿದ್ದರೆ ಪೈಪಿನ ಅಳತೆ, ಅಂದರೆ ಸೆಕೆಂಡಿಗೆ ಎಷ್ಟು ಹರಿಯುತ್ತದೆ ಅಂತ ಕೇಳಿ. 100 ಎಂಬಿಪಿಎಸ್ ಪೂರ್ತಿ ತಿಂಗಳು ತುಂಬಿ ಹರಿದರೆ 32 ಟಿಬಿ ಆಗುತ್ತದೆ. ಆದರೆ ಒಪ್ಪಂದದಲ್ಲಿ 'ನ್ಯಾಯವಾದ ಬಳಕೆ' ಅನ್ನೋ ಸಾಲು ಇದ್ದರೆ ಅಷ್ಟು ಹರಿಸಲು ಬಿಡುವುದಿಲ್ಲ. 10 ಎಂಬಿಪಿಎಸ್ ಅನ್‌ಮೀಟರ್ಡ್ ಆದರೆ 3.2 ಟಿಬಿ, ಸಣ್ಣ ಸೈಟಿಗೆ ಅದೂ ಜಾಸ್ತಿಯೇ. ನಿಧಾನ ಆದರೂ ಬಿಲ್ ಏರದೆ ಇರುವುದು ನನಗಿಷ್ಟ.

ಮನೆಯಲ್ಲೇ ಒಂದು ಹಳೆ ಕಂಪ್ಯೂಟರ್ ಇಟ್ಟರೆ ಆಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ನಾನೂ ಇಟ್ಟು ನೋಡಿದೆ. ಜುಲೈಯಲ್ಲಿ ಮರ ಬಿದ್ದು ಲೈನ್ ಹೋದರೆ ಮೂರು ದಿನ ಕರೆಂಟಿಲ್ಲ, ಇನ್ವರ್ಟರ್ ಒಂದು ರಾತ್ರಿಗೆ ಸುಸ್ತು. ಅದೂ ಅಲ್ಲದೆ ಮನೆಯ ಕನೆಕ್ಷನ್‌ನಲ್ಲಿ ಎಷ್ಟೋ ಸಲ ನಿಮ್ಮದೇ ಅಂತ ಐಪಿವಿ4 ವಿಳಾಸ ಇರುವುದಿಲ್ಲ, ಹೊರಗಿನವರು ಒಳಗೆ ಬರಲಾಗುವುದಿಲ್ಲ. ಬ್ಯಾಕಪ್ ಇಡಲು ಮಾತ್ರ ಆ ಕಂಪ್ಯೂಟರ್ ಒಳ್ಳೆಯದು.

ದುಡ್ಡಿನ ವಿಷಯ

ಹೊರದೇಶದ ಕಂಪನಿಯ 4 ಡಾಲರ್ ಅಂದರೆ 4 ಡಾಲರ್ ಅಲ್ಲ. ಮೇಲೆ 18% ಜಿಎಸ್‌ಟಿ, ಬ್ಯಾಂಕಿನವರ ವಿದೇಶಿ ಕರೆನ್ಸಿ ಶುಲ್ಕ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ದುಡ್ಡು ಕಡಿಯಲು ನೀವು ಮೊದಲೇ ಮ್ಯಾಂಡೇಟ್ (ಒಪ್ಪಿಗೆ) ಕೊಟ್ಟಿರಬೇಕು, ಅದು ಹೊಂದದ ಕಡೆ ಪಾವತಿ ಫೇಲ್ ಆಗುತ್ತದೆ. ನೀವು ಇಮೇಲ್ ನೋಡಿರುವುದಿಲ್ಲ, ಸರ್ವರ್ ನಿಂತಿರುತ್ತದೆ. ಮೊದಲೇ ದುಡ್ಡು ತುಂಬಿಸಿ ಇಡುವ ಸೌಲಭ್ಯ ಇದ್ದರೆ ಆರು ತಿಂಗಳಿಗೆ ತುಂಬಿಸಿ ಬಿಡಿ.

ಬಿಲ್ ಇಷ್ಟು ದಾಟಿದರೆ ಇಮೇಲ್ ಬರಲಿ ಅಂತ ಅಲರ್ಟ್ ಹಾಕಿ. ಆದರೆ ಅದನ್ನೇ ನಂಬಬೇಡಿ. ಅಲರ್ಟ್ ಹೇಳುತ್ತದೆ ಅಷ್ಟೇ, ನಲ್ಲಿ ನಿಲ್ಲಿಸುವುದಿಲ್ಲ. ನಾನು ಗಂಟೆಗೊಮ್ಮೆ ಓಡುವ ಒಂದು ಪುಟ್ಟ ಸ್ಕ್ರಿಪ್ಟ್ ಇಟ್ಟಿದ್ದೇನೆ. ವಿಎನ್‌ಸ್ಟ್ಯಾಟ್‌ನ ತಿಂಗಳ ಟಿಎಕ್ಸ್ 450 ಜಿಬಿ ಮುಟ್ಟಿದರೆ ಫೋಟೋಗಳ ವೇಗ ಇಳಿಸುತ್ತದೆ, 490 ಮುಟ್ಟಿದರೆ ಎಂಜಿನ್‌ಎಕ್ಸ್ ನಿಲ್ಲಿಸುತ್ತದೆ. ಇನ್ನೂ ಒಮ್ಮೆಯೂ ಕೆಲಸಕ್ಕೆ ಬಂದಿಲ್ಲ.

ಹಳೆ ಸರ್ವರಿನಿಂದ ಹೊಸದಕ್ಕೆ ಹೋಗುವಾಗ ಎರಡು ದಿನ ಮೊದಲೇ ಡಿಎನ್‌ಎಸ್‌ನ ಟಿಟಿಎಲ್ (ನಿಮ್ಮ ಸೈಟಿನ ಹೆಸರಿಗೆ ಯಾವ ಸರ್ವರ್ ಅಂತ ಬೇರೆಯವರು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬೇಕು ಅನ್ನೋ ಅವಧಿ) 300 ಸೆಕೆಂಡಿಗೆ ಇಳಿಸಿ. ಹೊಸದರಲ್ಲಿ ಎಲ್ಲ ಓಡುತ್ತಿದೆ ಅಂತ ನೋಡಿಕೊಂಡು ವಿಳಾಸ ಬದಲಿಸಿ. ಹಳೆಯದನ್ನು ಮೂರು ದಿನ ಹಾಗೇ ಬಿಡಿ. ಆಮೇಲೆ ಪವರ್ ಆಫ್ ಮಾಡಿ ಸುಮ್ಮನಾಗಬೇಡಿ, ಆಫ್ ಮಾಡಿದ ಸರ್ವರಿಗೂ ಎಷ್ಟೋ ಕಡೆ ಬಾಡಿಗೆ ಓಡುತ್ತಲೇ ಇರುತ್ತದೆ. ಪೂರ್ತಿ ಅಳಿಸಿ, ಅದಕ್ಕೆ ಅಂತ ಕಾದಿರಿಸಿದ್ದ ಐಪಿ ವಿಳಾಸ ಇದ್ದರೆ ಅದನ್ನೂ ಬಿಟ್ಟುಕೊಡಿ, ಮುಂದಿನ ತಿಂಗಳ ಬಿಲ್ಲಿನಲ್ಲಿ ಸೊನ್ನೆ ಕಂಡ ಮೇಲೆ ಕಾರ್ಡ್ ತೆಗೆಯಿರಿ.