ಒದ್ದೆ ಚೀಲ, ಸೊನ್ನೆ ತೂಕ

ಗಾಳದ ಪಂದ್ಯದಲ್ಲಿ ಮೀನು ತೂಗುವ ಚೀಲವನ್ನು ಮೊದಲು ನೀರಲ್ಲಿ ಅದ್ದಬೇಕು. ಚೆನ್ನಾಗಿ ನೆನೆದ ಮೇಲೆ ಎತ್ತಿ, ನೀರು ಸೋರಲು ಬಿಟ್ಟು, ತಕ್ಕಡಿಗೆ ನೇತುಹಾಕಿ, ಆಮೇಲೆ ಮುಳ್ಳನ್ನು ಸೊನ್ನೆಗೆ ತರಬೇಕು. ಒಣ ಚೀಲಕ್ಕೆ ಸೊನ್ನೆ ಮಾಡಿದರೆ ಚೀಲ ಕುಡಿದ ನೀರೂ ಮೀನಿನ ಲೆಕ್ಕಕ್ಕೆ ಸೇರುತ್ತದೆ. ಒಂದೇ ಸಲ ತೂಗಿಸುವವರಿಗೆ ಒಂದು ಸಲ, ಮೂರು ಸಲ ತೂಗಿಸುವವರಿಗೆ ಮೂರು ಸಲ. ಕೆಲವೇ ಔನ್ಸ್ ಇರಬಹುದು. ಆದರೆ ಒಂದು ಔನ್ಸಿನಲ್ಲಿ, ಅಂದರೆ 28 ಗ್ರಾಂನಲ್ಲಿ, ಸೋತವರನ್ನು ನಾನು ನೋಡಿದ್ದೇನೆ.

ನಾನು ಶೃಂಗೇರಿ ಕಡೆಯವನು. ಈಗ ಇರುವುದು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ನಲ್ಲಿ. ಭಾನುವಾರಗಳಲ್ಲಿ ಇಲ್ಲಿನ ಒಂದು ಕ್ಲಬ್ಬಿನ ಜೊತೆ ಗಾಳದ ಪಂದ್ಯ ಆಡುತ್ತೇನೆ. ಎರಡು ವರ್ಷದಿಂದ ತಕ್ಕಡಿ ಹಿಡಿಯುವ ಕೆಲಸವೂ ನನ್ನದೇ. ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನುಗಳಿಗೆ ಮಂಡಕ್ಕಿ ಹಾಕಿ ಬೆಳೆದವನು ನಾನು. ಅಲ್ಲಿ ಅವುಗಳನ್ನು ಯಾರೂ ಹಿಡಿಯುವುದಿಲ್ಲ. ಇಲ್ಲಿ ಹಿಡಿಯುತ್ತೇವೆ, ತೂಗುತ್ತೇವೆ, ಎಲ್ಲವನ್ನೂ ಜೀವಂತ ವಾಪಸ್ ಬಿಡುತ್ತೇವೆ. "ಬಿಡೋದಾದ್ರೆ ಹಿಡಿಯೋದ್ಯಾಕೆ ಮಗಾ?" ಅಂತ ಅಮ್ಮ ಫೋನಿನಲ್ಲಿ ಕೇಳುತ್ತಾರೆ.

ಆಟ ಇಷ್ಟೇ. ಕೆರೆಯ ಸುತ್ತ ನಂಬರ್ ಹಾಕಿದ ಜಾಗಗಳಿರುತ್ತವೆ. ಪೆಗ್ ಅನ್ನುತ್ತಾರೆ. ಬೆಳಿಗ್ಗೆ ಚೀಟಿ ಎತ್ತಬೇಕು, ಬಂದ ನಂಬರಿನಲ್ಲಿ ಕೂರಬೇಕು. ಸೀಟಿ ಆಗುವ ಮೊದಲು ನೀರಿನ ಆಳ ಅಳೆದು ನೋಡಬಹುದು, ಕಡ್ಡಿಗಳನ್ನು ಜೋಡಿಸಿಟ್ಟುಕೊಳ್ಳಬಹುದು. ಆದರೆ ಅಲ್ಲಿಯವರೆಗೆ ನೀರಿಗೆ ಪೆಲೆಟ್, ಅಂದರೆ ಮೀನಿಗೆ ಹಾಕುವ ಮೇವು, ಒಂದು ಕಾಳು ಕೂಡ ಬೀಳಬಾರದು. ಸಾಮಾನ್ಯವಾಗಿ ಐದು ಗಂಟೆ ಆಟ. ಹಿಡಿದ ಮೀನು ಕೀಪ್‌ನೆಟ್‌ನಲ್ಲಿ, ಅಂದರೆ ನೀರೊಳಗೆ ಇಳಿಬಿಟ್ಟ ಉದ್ದನೆಯ ಬಲೆಯಲ್ಲಿ ಇರುತ್ತದೆ. ಗಾಳಕ್ಕೆ ಹಿಮ್ಮುಳ್ಳು ಇರಬಾರದು. ಮೀನಿನ ಬಾಯಿ ಹರಿಯಬಾರದಲ್ವಾ, ಅದಕ್ಕೆ.

ನಿಯಮ ಕಾಗದದಲ್ಲಿ ಓದುವುದು ಬೇರೆ, ಅದರ ಏಟು ತಿನ್ನುವುದು ಬೇರೆ. ನಾವು ಹೋಗುವ ಕೆರೆಯಲ್ಲಿ ಒಂದು ಬಲೆಗೆ 50 ಪೌಂಡ್, ಅಂದರೆ ಸುಮಾರು 23 ಕಿಲೋ, ಮಿತಿ. ಅದಕ್ಕಿಂತ ಜಾಸ್ತಿ ಬಂದರೂ 50 ಅಂತಲೇ ಬರೆಯುತ್ತಾರೆ. ಒಂದು ಬೇಸಿಗೆಯಲ್ಲಿ ನನಗೆ ಒಳ್ಳೆಯ ಪೆಗ್ ಬಂತು. ಕಾರ್ಪ್ ಮೀನುಗಳು ಮೇಲಿಂದ ಮೇಲೆ ಕಚ್ಚುತ್ತಿದ್ದವು. ಪ್ರತಿಯೊಂದನ್ನೂ ಎರಡೂವರೆ ಪೌಂಡ್ ಅಂದುಕೊಳ್ಳುತ್ತಾ ಬಲೆಗೆ ಬಿಟ್ಟೆ. ನಿಜವಾಗಿ ಅವು ಮೂರರ ಮೇಲಿದ್ದವು. ಮೊದಲ ಬಲೆ ಎತ್ತುವಾಗಲೇ ತೋಳಿಗೆ ಗೊತ್ತಾಯಿತು. 57 ಪೌಂಡ್ 4 ಔನ್ಸ್. ಎರಡನೆಯದು 31 ಪೌಂಡ್ 8 ಔನ್ಸ್. ತಕ್ಕಡಿ ಹಿಡಿದವರು ಒಂದು ಮಾತೂ ಆಡದೆ ಮೊದಲನೆಯದಕ್ಕೆ 50 ಅಂತ ಬರೆಸಿದರು. ಒಟ್ಟು 81 ಪೌಂಡ್ 8 ಔನ್ಸ್. ಗೆದ್ದವರದು 86 ಪೌಂಡ್ 2 ಔನ್ಸ್. ಪೂರ್ತಿ ಲೆಕ್ಕಕ್ಕೆ ಬಂದಿದ್ದರೆ ನನ್ನದು 88 ದಾಟುತ್ತಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಆದರೆ ತಪ್ಪು ನನ್ನದೇ. ಆ ಮಿತಿ ಇರುವುದು ಮೀನಿಗೋಸ್ಕರ. ಬೇಸಿಗೆಯಲ್ಲಿ ನೀರು ಬಿಸಿಯಾದರೆ ಅದರಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಬಲೆ ತುಂಬಿದರೆ ತಳದಲ್ಲಿರುವ ಮೀನು ನಲುಗಿ ಹೋಗುತ್ತದೆ. ಅವತ್ತಿನಿಂದ ಎಣಿಸಲು ಕೈಗೊಂದು ಕ್ಲಿಕ್ಕರ್ ಇಟ್ಟುಕೊಂಡಿದ್ದೇನೆ. ಅಂದಾಜು 40 ಪೌಂಡ್ ಆದ ಕೂಡಲೇ ಮುಂದಿನ ಬಲೆ.

ಪಕ್ಕದವರ ತಪ್ಪು ಕಂಡಾಗ ಏನು ಮಾಡಬೇಕು ಅನ್ನುವುದನ್ನು ಕಲಿಯಲು ಇನ್ನೂ ಜಾಸ್ತಿ ದಿನ ಹಿಡಿಯಿತು. ಮೊದಲ ವರ್ಷ ಒಬ್ಬರು ಸೀಟಿಗೆ ಮುಂಚೆ ಒಂದು ಹಿಡಿ ಪೆಲೆಟ್ ಎಸೆದರು. ನಾನು ಸುಮ್ನೆ ಇದ್ದೆ. ಪಂದ್ಯ ಮುಗಿದ ಮೇಲೆ ಕಾರುಗಳ ಹತ್ತಿರ ಇಬ್ಬರು ಮೂವರಿಗೆ ಹೇಳಿಕೊಂಡೆ. ಇದಕ್ಕಿಂತ ಕೆಟ್ಟ ದಾರಿ ಇಲ್ಲ. ಅವರಿಗೆ ಉತ್ತರ ಕೊಡುವ ಅವಕಾಶವೇ ಸಿಗಲಿಲ್ಲ. ಮುಂದೊಂದು ಸಲ ಇನ್ನೊಬ್ಬರು ಹಾಗೇ ಮಾಡಿದಾಗ ಅಲ್ಲೇ ಕೂಗಿ ಹೇಳಿದೆ, "ಇನ್ನೂ ಸೀಟಿ ಆಗಿಲ್ಲ!" ಅವರು ಗಾಬರಿಯಾಗಿ ಕೈ ಹಿಂದೆ ತೆಗೆದರು. ಪಕ್ಕದ ಕೆರೆಯಲ್ಲಿ ಬೇರೆ ಪಂದ್ಯ ನಡೆಯುತ್ತಿತ್ತು, ಅಲ್ಲಿನ ಸೀಟಿಯನ್ನು ನಮ್ಮದು ಅಂದುಕೊಂಡಿದ್ದರು. ತಾವೇ ಹೋಗಿ ಪಂದ್ಯ ನಡೆಸುವವರಿಗೆ ಹೇಳಿ ಬಂದರು. ಈಗ ನನ್ನ ಕ್ರಮ ಇದೇ: ಮೊದಲು ಅವರಿಗೇ ಹೇಳುವುದು. ಸರಿಹೋಗದಿದ್ದರೆ ತೂಕ ಶುರುವಾಗುವ ಮೊದಲೇ ಪಂದ್ಯ ನಡೆಸುವವರಿಗೆ ಹೇಳುವುದು. ಆಮೇಲೆ ಎಲ್ಲೂ ಆ ಮಾತು ಎತ್ತುವುದಿಲ್ಲ.

ಬೇಕೆಂತಲೇ ಮೋಸ ಮಾಡುವವರೂ ಇದ್ದಾರೆ. 2022ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ, ಈರೀ ಸರೋವರದ ವಾಲೈ ಮೀನಿನ ಪಂದ್ಯದಲ್ಲಿ ನಡೆದದ್ದು ನಿಮಗೂ ನೆನಪಿರಬಹುದು. ಇಬ್ಬರು ಜೊತೆಗಾರರು ತಂದ ಐದು ಮೀನು ಸುಮಾರು 34 ಪೌಂಡ್ ತೂಗಿದವು. ನೋಡಿದರೆ ಅಷ್ಟು ತೂಕದ ಮೀನುಗಳಲ್ಲ. ಪಂದ್ಯ ನಡೆಸುವವರು ಅಲ್ಲೇ ಕೊಯ್ದು ನೋಡಿದರೆ ಒಳಗೆ ಸೀಸದ ಗುಂಡುಗಳು! ಆ ಇಬ್ಬರು 2023ರಲ್ಲಿ ತಪ್ಪೊಪ್ಪಿಕೊಂಡರು, 10 ದಿನ ಜೈಲಾಯಿತು. ವಿಡಿಯೋ ನೋಡಿ ನನಗೆ ಹೊಟ್ಟೆ ತೊಳಸಿತು. ಮೀನಿಗೆ ಮಾಡಿದ ಅನ್ಯಾಯವೂ ಅದರಲ್ಲಿದೆ.

ನಮ್ಮಲ್ಲಿ ಕೊಯ್ದು ನೋಡುವ ಹಾಗಿಲ್ಲ. ತೂಗಿದ ಮರುಕ್ಷಣ ಸಾಕ್ಷಿ ಈಜಿಕೊಂಡು ಹೋಗುತ್ತದೆ. ಅದಕ್ಕೇ ನಾನು ಅವಸರ ಮಾಡುವುದಿಲ್ಲ. ನಾನು ತಕ್ಕಡಿ ಹಿಡಿಯುತ್ತೇನೆ, ಇನ್ನೊಬ್ಬರು ಬರೆಯುತ್ತಾರೆ. ಮೀನು ಹಿಡಿದವರು ತಾವೇ ಮುಳ್ಳು ನೋಡಿ, ಹಾಳೆ ನೋಡಿ, ಸಹಿ ಹಾಕಬೇಕು. ಅಕ್ಕಪಕ್ಕದ ಪೆಗ್‌ನವರೂ ಬಂದು ನಿಂತರೆ ಒಳ್ಳೆಯದು. ಗಾಳಿ ಬೀಸಿ ಚೀಲ ಓಲಾಡುತ್ತಿದ್ದರೆ ಬೆನ್ನು ಕೊಟ್ಟು ಗಾಳಿ ತಡೆದು ನಿಲ್ಲುತ್ತೇವೆ. ಮೀನು ಹೊರಗಿರುವ ಹೊತ್ತು ಉದ್ದವಾಗಬಾರದು, ಹಾಗಂತ ಕಣ್ಣಂದಾಜಿನಲ್ಲಿ ಬರೆಯಲೂ ಬಾರದು. ನನ್ನ ಬಲೆಯ ಸರದಿ ಬಂದಾಗ ತಕ್ಕಡಿ ಬೇರೆಯವರ ಕೈಗೆ ಕೊಟ್ಟು ದೂರ ನಿಲ್ಲುತ್ತೇನೆ.

ಹೋದ ಚಳಿಗಾಲದ ಲೀಗ್ ಪಂದ್ಯದಲ್ಲಿ ಕೊನೆಯ ಪೆಗ್‌ಗೆ ಬರುವ ಹೊತ್ತಿಗೆ ಕತ್ತಲಾಗುತ್ತಿತ್ತು. ಅಲ್ಲಿದ್ದ ಹಿರಿಯರು ಬಲೆ ಎತ್ತಲು ಒಪ್ಪಲಿಲ್ಲ. ನಾಲ್ಕೈದು ಸಣ್ಣ ರೋಚ್ ಮೀನು ಅಷ್ಟೇ, ಬಿಟ್ಟುಬಿಡಿ, ಕೈ ಮರಗಟ್ಟಿದೆ ಅಂದರು. ಲೀಗಿನಲ್ಲಿ ಒಂದೊಂದು ಗುಂಪಿನೊಳಗೆ ಸ್ಥಾನದ ಮೇಲೆ ಅಂಕ. ಇವರು ತೂಗಿಸದಿದ್ದರೆ ಇವರ ತಂಡದ ಉಳಿದವರ ಅಂಕವೂ ಕೆಡುತ್ತದೆ, ಎದುರಿನವರಿಗೆ ಸುಮ್ಮನೆ ಲಾಭ. ನಾನು ಚೀಲವನ್ನು ಮತ್ತೆ ನೀರಲ್ಲಿ ಅದ್ದಿದೆ, ಎತ್ತಿದೆ, ಸೊನ್ನೆ ಮಾಡಿದೆ. ಬಲೆ ನಾನೇ ಎತ್ತಿಕೊಟ್ಟೆ. ಬರೆಯುವವರು ಟಾರ್ಚ್ ಹಿಡಿದರು. 1 ಪೌಂಡ್ 3 ಔನ್ಸ್. ಹಿರಿಯರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು, ನಡುಗುವ ಕೈಯಲ್ಲಿ ಸಹಿ ಹಾಕಿದರು. ಆಮೇಲೆ ಚೀಲದ ಬಾಯಿಯನ್ನು ನೀರಿಗಿಳಿಸಿದೆ. ರೋಚ್‌ಗಳು ಒಂದೊಂದಾಗಿ ಹೊರಟುಹೋದವು.