ನಂಬರ್ ಸಿಕ್ಕರೆ ಕಡತ ಸಿಕ್ಕಂತೆ: ಅಜ್ಜನ ಕೇಸಿನ ನಕಲು ತೆಗೆಸಿದ ನನ್ನ ಅನುಭವ

ಬ್ಯಾಂಕಿನ ವಕೀಲರು ನಮ್ಮ ಹೊಲದ ಉತಾರ ನೋಡಿ ಹತ್ತನೇ ಕಾಲಂ ಮೇಲೆ ಬೆರಳಿಟ್ಟರು. "ಇಲ್ಲಿ ಕೋರ್ಟ್ ಆದೇಶ ಅಂತ ಇದೆಯಲ್ಲಮ್ಮ, ಆ ಡಿಕ್ರಿಯ ಸರ್ಟಿಫೈಡ್ ಕಾಪಿ ತನ್ನಿ. ಅದು ಬರುವವರೆಗೆ ಸಾಲದ ಮಾತು ಬೇಡ" ಅಂದರು. ಪಹಣಿಯನ್ನು ನಮ್ಮ ಹಾವೇರಿ ಕಡೆ ಉತಾರ ಅಂತಾರೆ. ಡಿಕ್ರಿ ಅಂದರೆ ತೀರ್ಪಿನಲ್ಲಿ ಯಾರಿಗೆ ಏನು ಸಿಕ್ಕಿತು ಅಂತ ಹೇಳುವ ಕೋರ್ಟಿನ ಆದೇಶ, ಸರ್ಟಿಫೈಡ್ ಕಾಪಿ ಅಂದರೆ ಕೋರ್ಟೇ ದೃಢೀಕರಿಸಿ ಕೊಡುವ ನಕಲು. ನಾಲ್ಕು ಎಕರೆ ಹನ್ನೆರಡು ಗುಂಟೆ ಹೊಲ. ಪಕ್ಕದ ಹೊಲದವರ ಜೊತೆ ಅಜ್ಜ ವರ್ಷಗಟ್ಟಲೆ ಕೋರ್ಟಿಗೆ ಅಲೆದದ್ದು ನನಗೆ ನೆನಪಿದೆ. ಕೇಸು ನಡೆಯುವಾಗಲೇ ಅಜ್ಜ ತೀರಿಕೊಂಡರು, ಅಪ್ಪ ಮುಂದುವರಿಸಿದರು, ಗೆದ್ದರು. ಈಗ ಅಪ್ಪನೂ ಇಲ್ಲ. ಮನೆಯಲ್ಲಿ ಒಂದು ಕಾಗದವೂ ಉಳಿದಿಲ್ಲ.

ಕಾಕಾನನ್ನು ಕೇಳಿದೆ. "ಮುನ್ಸೀಫ್ ಕೋರ್ಟಿನಾಗ ನಡೆದಿತ್ತವ್ವಾ, ವಕೀಲರು ತೀರಿಕೊಂಡಾರ" ಅಂದರು. ಅಷ್ಟೇ ಗೊತ್ತಿತ್ತು.

ಅಷ್ಟನ್ನೇ ಹಿಡಿದು ಕೋರ್ಟಿನ ರೆಕಾರ್ಡ್ ರೂಮಿಗೆ ಹೋದೆ. ಅಲ್ಲಿದ್ದವರು ಮರ್ಯಾದೆಯಿಂದಲೇ ಮಾತಾಡಿಸಿದರು. ಆದರೆ ಅವರ ಉತ್ತರ ಒಂದೇ: "ಅಕ್ಕಾರ, ಕೇಸ್ ನಂಬರ್ ತಗೊಂಡ್ ಬರ್ರಿ." ಒಳಗೆ ಕಣ್ಣು ಹಾಯಿಸಿದೆ. ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟುಗಳು ಮಾಡಿನವರೆಗೂ ಇದ್ದವು. ಆ ಗಂಟುಗಳನ್ನು ಹೆಸರಿನ ಮೇಲೆ ಜೋಡಿಸಿಟ್ಟಿರುವುದಿಲ್ಲ. ಕೇಸಿನ ಬಗೆ, ನಂಬರ್, ವರ್ಷ, ತೀರ್ಪಾದ ದಿನ, ಇಷ್ಟರ ಮೇಲೆ ನಡೆಯುತ್ತದೆ ಆ ಲೋಕ. ಹಾಗಾಗಿ ಕೋರ್ಟಿನ ಕಡತ ಹುಡುಕುವುದು ಅಂದರೆ ಮೊದಲು ನಂಬರ್ ಹುಡುಕುವುದು. ಇದು ಆವತ್ತೇ ತಿಳಿದಿದ್ದರೆ ನನ್ನ ಎರಡು ತಿಂಗಳು ಉಳಿಯುತ್ತಿತ್ತು.

ಕೋರ್ಟಿನ ಹೊರಗೆ ಒಬ್ಬರು ಸಿಕ್ಕು "ಮೂರು ಸಾವಿರ ಕೊಡಿ, ವಾರದಲ್ಲಿ ತೆಗೆಸಿಕೊಡುತ್ತೇನೆ" ಅಂದರು. ಕೊಟ್ಟೆ. ವಾರವಾಯಿತು, ತಿಂಗಳಾಯಿತು, ಫೋನ್ ಎತ್ತಲಿಲ್ಲ. ಆ ದುಡ್ಡು ಅವ್ವ ಶೇಂಗಾ ಮಾರಿ ಇಟ್ಟುಕೊಂಡಿದ್ದು. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ನಕಲಿನ ಅರ್ಜಿ ನಾವೇ ಹಾಕಬಹುದು, ಇಲ್ಲವೇ ವಕೀಲರ ಮೂಲಕ ಹಾಕಿಸಬಹುದು. ನಡುವೆ ಮೂರನೆಯವರು ಬೇಕಾಗಿಯೇ ಇಲ್ಲ.

ಆಮೇಲೆ ನನ್ನ ತಮ್ಮ ಮೊಬೈಲಿನಲ್ಲಿ ಇ-ಕೋರ್ಟ್ಸ್, ಅಂದರೆ ಕೋರ್ಟ್ ಕೇಸುಗಳ ಮಾಹಿತಿ ಸಿಗುವ ಸರ್ಕಾರಿ ಸೈಟು, ತೆರೆದುಕೊಟ್ಟ. ರಾಜ್ಯ, ಜಿಲ್ಲೆ, ಕೋರ್ಟ್ ಸಂಕೀರ್ಣ ಆರಿಸಿಕೊಂಡು ಕಕ್ಷಿದಾರರ ಹೆಸರಿನಿಂದ ಹುಡುಕಬಹುದು. ಕೇಸ್ ನಂಬರ್, ವಕೀಲರ ಹೆಸರು, ಪೊಲೀಸ್ ಕೇಸಾದರೆ ಎಫ್‌ಐಆರ್ ನಂಬರಿನಿಂದಲೂ ಆಗುತ್ತದೆ. ಸಿ.ಎನ್.ಆರ್. ಅಂತ ಹದಿನಾರು ಅಕ್ಷರ-ಅಂಕಿಗಳ ಒಂದು ಗುರುತು ಇರುತ್ತದೆ. ಅದು ಗೊತ್ತಿದ್ದರೆ ಬೇರೇನೂ ಬೇಡ, ಕೇಸು ನೇರವಾಗಿ ತೆರೆದುಕೊಳ್ಳುತ್ತದೆ. ಹೊಸ ಕೇಸಿನವರು ಇದನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಬೇಕು.

ಅಜ್ಜನ ಹೆಸರು ಹಾಕಿದೆ, ಏನೂ ಬರಲಿಲ್ಲ. ಎಷ್ಟೋ ಜನ ಇಲ್ಲಿಗೇ ಕೈಬಿಡುತ್ತಾರೆ. ಹೆಸರು ಸಿಗದಿರಲು ಹಲವು ಕಾರಣಗಳಿವೆ. ಅಲ್ಲಿ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿವೆ. ವೀರಪ್ಪ ಅನ್ನುವ ಹೆಸರಿಗೆ ಒಬ್ಬರು ಎರಡು ಇ ಹಾಕಿರುತ್ತಾರೆ, ಇನ್ನೊಬ್ಬರು ಒಂದು ಐ. ಮೂರು ಅಕ್ಷರ ಕೊಟ್ಟರೂ ಹುಡುಕುತ್ತದೆ, ಆದ್ದರಿಂದ ಪೂರ್ತಿ ಹೆಸರು ಹಾಕುವುದಕ್ಕಿಂತ ಗೊಂದಲವಿಲ್ಲದ ನಾಲ್ಕೈದು ಅಕ್ಷರ ಹಾಕುವುದು ಒಳ್ಳೆಯದು. ವರ್ಷವನ್ನೂ ಕೇಳುತ್ತದೆ. ಅದು ದಾಖಲಾದ ವರ್ಷ, ತೀರ್ಪಾದ ವರ್ಷ ಅಲ್ಲ. ಬಾಕಿ ಇರುವ ಕೇಸು, ಮುಗಿದ ಕೇಸು ಅಂತ ಆಯ್ಕೆಯೂ ಇದೆ. ಮುಗಿದದ್ದನ್ನು ಬಾಕಿಯಲ್ಲಿ ಹುಡುಕಿದರೆ ಹೇಗೆ ಸಿಗುತ್ತದೆ, ಅಲ್ವಾ? ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. ವಾದಿ ತೀರಿಕೊಂಡರೆ ಕೇಸು ವಾರಸುದಾರರ ಹೆಸರಿನಲ್ಲಿ ನಡೆಯುತ್ತದೆ. ಸೋತವರು ಮೇಲ್ಮನವಿ ಹಾಕಿದರೆ ಅವರ ಹೆಸರೇ ಮೊದಲು ಬರುತ್ತದೆ. ಹಾಗಾಗಿ ಎದುರು ಪಾರ್ಟಿಯ ಹೆಸರಿನಿಂದಲೂ ಹುಡುಕಬೇಕು.

ಇದೆಲ್ಲ ಮಾಡಿದರೂ ಹಳೆಯ ಕೇಸು ಸಿಗದೇ ಇರಬಹುದು. ಇ-ಕೋರ್ಟ್ಸ್ ಯೋಜನೆ ಶುರುವಾಗಿದ್ದೇ 2007ರಲ್ಲಿ. ಅದಕ್ಕೂ ಮೊದಲು ಮುಗಿದುಹೋದ ಎಷ್ಟೋ ಕೇಸುಗಳು ರಿಜಿಸ್ಟರಿನಲ್ಲಿ ಮಾತ್ರ ಇವೆ.

ನನಗೆ ದಾರಿ ತೋರಿಸಿದ್ದು ಕೋರ್ಟಲ್ಲ, ತಹಶೀಲ್ದಾರ್ ಕಚೇರಿ. ಉತಾರದ ಹತ್ತನೇ ಕಾಲಂನಲ್ಲಿ ಹೊಲ ಹೇಗೆ ಬಂತು ಅಂತ ಬರೆದು, ಮ್ಯುಟೇಶನ್ (ಹಕ್ಕು ಬದಲಾವಣೆ) ನಂಬರ್ ಕೊಟ್ಟಿರುತ್ತಾರೆ. ಆ ಮ್ಯುಟೇಶನ್ನಿನ ನಕಲಿಗೆ ಅರ್ಜಿ ಹಾಕಿದೆ. ಅದರಲ್ಲಿ "ಆರ್.ಎ. ನಂಬರ್" ಅಂತ ಬರೆದು ಪಕ್ಕದಲ್ಲಿ 2003 ಅಂತ ಇತ್ತು. ಆ ಕಾಗದ ಕೈಗೆ ಬಂದಾಗ ನನಗೆ ಕಣ್ಣೀರೇ ಬಂತು. ಆರ್.ಎ. ಅಂದರೆ ರೆಗ್ಯುಲರ್ ಅಪೀಲು. ಮೂಲ ದಾವೆಗೆ ಓ.ಎಸ್. ಅಂತಾರೆ. ವಾಟ್ನಿ, ಅಂದರೆ ಆಸ್ತಿ ಪಾಲಿನ ದಾವೆಯಾದರೆ ಎಫ್.ಡಿ.ಪಿ. ಅಂತ ಇನ್ನೊಂದು ನಂಬರ್ ಇರಬಹುದು, ಅಂತಿಮ ಡಿಕ್ರಿ ಅದರಲ್ಲಿ ಆಗಿರುತ್ತದೆ. ವಾಟ್ನಿಯವರು ಓ.ಎಸ್. ಕಾಗದ ಒಂದನ್ನೇ ತಂದು ಸುಮ್ಮನಾಗಬಾರದು.

ಅಪೀಲಿನ ನಂಬರ್ ಹಾಕಿ ನಮ್ಮ ಜಿಲ್ಲೆಯ ಒಂದೊಂದೇ ಕೋರ್ಟ್ ಸಂಕೀರ್ಣದಲ್ಲಿ ಹುಡುಕಿದೆ. ಮೂರನೆಯದರಲ್ಲಿ ಸಿಕ್ಕಿತು. ಎದುರು ಪಾರ್ಟಿಯ ಹೆಸರು ಮೇಲೆ, ಕೆಳಗೆ ಅಪ್ಪನ ಹೆಸರು. 2009ರಲ್ಲಿ ವಜಾ. ಪುಟವನ್ನು ಕೆಳಗೆ ಸರಿಸಿದರೆ ಅಧೀನ ನ್ಯಾಯಾಲಯದ ಮಾಹಿತಿ ಅಂತ ಒಂದು ಚಿಕ್ಕ ಚೌಕ. ಅದರೊಳಗೆ ಕೆಳ ಕೋರ್ಟಿನ ಹೆಸರು, 1989ರ ಓ.ಎಸ್. ನಂಬರ್, ತೀರ್ಪಿನ ದಿನಾಂಕ. ಎರಡು ತಿಂಗಳು ಹುಡುಕಿದ್ದೆಲ್ಲ ಅಲ್ಲಿತ್ತು. ನಿಮ್ಮ ಹಳೆಯ ಕೇಸು ಸಿಗದಿದ್ದರೆ ಅದರಿಂದ ಹುಟ್ಟಿದ ಅಪೀಲು, ಅಮಲ್ಜಾರಿ (ಡಿಕ್ರಿ ಜಾರಿ ಮಾಡಿಸುವ) ಅರ್ಜಿ ಏನಾದರೂ ಇದೆಯೇ ನೋಡಿ. ಅದು ಮೂಲ ಕೇಸಿನ ಮನೆ ತೋರಿಸಬಹುದು.

ಜಿಲ್ಲೆಗಳು ಒಡೆದದ್ದನ್ನೂ ಮರೆಯಬೇಡಿ. ನಮ್ಮದು 1997ರವರೆಗೆ ಧಾರವಾಡ ಜಿಲ್ಲೆ. ಉಡುಪಿ, ದಾವಣಗೆರೆ, ಚಾಮರಾಜನಗರ, ಗದಗ, ಕೊಪ್ಪಳ, ಬಾಗಲಕೋಟೆ ಇವೂ ಆ ವರ್ಷವೇ ಆದ ಜಿಲ್ಲೆಗಳು. ರಾಮನಗರ, ಚಿಕ್ಕಬಳ್ಳಾಪುರ 2007ರಲ್ಲಿ ಆದವು. ಅದಕ್ಕೆ ಹಿಂದಿನ ಕೇಸಾದರೆ ಹಳೆಯ ಜಿಲ್ಲೆಯಲ್ಲೂ ಕೇಳಬೇಕಾಗಬಹುದು. ಮುನ್ಸೀಫ್ ಕೋರ್ಟ್ ಅನ್ನುವ ಬೋರ್ಡ್ ಕೂಡ ಈಗ ಇಲ್ಲ. ಅದು ಸಿವಿಲ್ ಜಡ್ಜ್ ಜೂನಿಯರ್ ಡಿವಿಜನ್ ಆಗಿದೆ.

ನಂಬರ್ ಹಿಡಿದು ಹೋದ ಮೇಲೆ ಮಾತೇ ಬೇರೆ. ನಕಲು ಶಾಖೆಯಲ್ಲಿ ಅರ್ಜಿ ಹಾಕಿದೆ. ಕೇಸ್ ನಂಬರ್, ಎರಡೂ ಕಡೆಯವರ ಹೆಸರು, ತೀರ್ಪಿನ ದಿನ, ಯಾವ ಯಾವ ಕಾಗದ ಬೇಕು, ಯಾತಕ್ಕೆ ಬೇಕು, ಇಷ್ಟು ಬರೆಯಬೇಕು. ಕೇಸಿನಲ್ಲಿ ನನ್ನ ಹೆಸರು ಇರಲಿಲ್ಲವಲ್ಲ, ಹಾಗಾಗಿ ನಾನು ಯಾರು ಅಂತ ತೋರಿಸಬೇಕಾಯಿತು. ಅಫಿಡವಿಟ್ ಮಾಡಿಸಿ, ವಂಶಾವಳಿ ಮತ್ತು ಅಪ್ಪನ ಮರಣ ಪ್ರಮಾಣಪತ್ರ ಲಗತ್ತಿಸಿದೆ. ಅದು ಜಡ್ಜ್ ಸಾಹೇಬರ ಮುಂದೆ ಹೋಗಿ ಆದೇಶವಾಗಿ ಬಂತು.

ಸ್ವಲ್ಪ ದಿನದ ಮೇಲೆ ರೆಕಾರ್ಡ್ ರೂಮಿನಿಂದ ಮಾತು ಬಂತು: ಕಡತ ಇಲ್ಲಿಲ್ಲ. ನನಗೆ ಕೈಕಾಲು ತಣ್ಣಗಾಯಿತು. ಕೋರ್ಟಿನ ಕಾಗದಗಳನ್ನೆಲ್ಲ ಕೊನೆಯವರೆಗೆ ಇಡುವುದಿಲ್ಲ. ದಾಖಲೆ ನಾಶಕ್ಕೆ ಅಂತಲೇ 1917ರ ಕಾಯ್ದೆ ಇದೆ, ಅವಧಿ ಮುಗಿದದ್ದನ್ನು ನಿಯಮದ ಪ್ರಕಾರ ತೆಗೆದುಹಾಕುತ್ತಾರೆ. ನಮ್ಮದೂ ಹಾಗೇ ಹೋಯಿತೇ ಅಂತ ಹೆದರಿದೆ. ಪರಿಚಯದ ವಕೀಲರೊಬ್ಬರು ಆಗ ಒಳ್ಳೆಯ ಬುದ್ಧಿ ಹೇಳಿದರು: "ಬಾಯಿಮಾತು ಬೇಡಮ್ಮ, ಹಿಂಬರಹ ಕೇಳು." ಅರ್ಜಿಯ ಮೇಲೆ ಬರೆದು ಕೊಡಿ ಅಂತ ಕೇಳಿದೆ. ಬರೆಯಬೇಕಾದರೆ ರಿಜಿಸ್ಟರ್ ತೆಗೆದು ನೋಡಲೇಬೇಕು. ನೋಡಿದಾಗ ತಿಳಿಯಿತು, ಅಪೀಲು ಬಂದಾಗ ಕೆಳ ಕೋರ್ಟಿನ ಕಡತವನ್ನು ಮೇಲಿನ ಕೋರ್ಟಿಗೆ ಕಳಿಸಿದ್ದಾರೆ, ವಾಪಸ್ ಬಂದ ದಾಖಲೆ ಇಲ್ಲ. ಆ ಹಿಂಬರಹ ಹಿಡಿದು ಸೀನಿಯರ್ ಡಿವಿಜನ್ ಕೋರ್ಟಿಗೆ ಹೋದೆ. ಎರಡೂ ಕಡತ ಒಂದೇ ಗಂಟಿನಲ್ಲಿದ್ದವು.

ಈ ನಡುವೆ ನನ್ನ ತಮ್ಮ ಆರ್‌ಟಿಐ (ಮಾಹಿತಿ ಹಕ್ಕಿನ ಅರ್ಜಿ) ಹಾಕೋಣ ಅಂತ ಹಟ ಹಿಡಿದಿದ್ದ. ಅದು ಆಗುವುದಿಲ್ಲ. ಕೇಸಿನ ಕಡತದ ನಕಲನ್ನು ಕೋರ್ಟಿನ ನಿಯಮದ ಪ್ರಕಾರವೇ ಪಡೆಯಬೇಕು, ಆರ್‌ಟಿಐ ಮೂಲಕ ಅಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ಗುಜರಾತ್ ಹೈಕೋರ್ಟಿನ ಪ್ರಕರಣದಲ್ಲಿ ಹೇಳಿದೆ. ಸೈಟಿನಿಂದ ಇಳಿಸಿಕೊಂಡ ತೀರ್ಪಿನ ಪ್ರಿಂಟ್ ಕೂಡ ಓದಿಕೊಳ್ಳಲು ಮಾತ್ರ. ಬ್ಯಾಂಕಿನವರು ಒಪ್ಪಲಿಲ್ಲ. ಕೋರ್ಟಿನ ಮೊಹರು, ಸಹಿ, ದಿನಾಂಕ ಇರುವ ನಕಲೇ ಬೇಕು. ಅಂಥ ನಕಲು ಕೊಡುವ ಮಾತು 1872ರ ಸಾಕ್ಷ್ಯ ಕಾಯ್ದೆಯ 76ನೇ ಕಲಂನಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ, ಅದರಲ್ಲಿ 75ನೇ ಕಲಂ.

ಅರ್ಜಿ ಹಾಕಿ ಮನೆಯಲ್ಲಿ ಕೂರಬೇಡಿ. ಪುಟ ಎಣಿಸಿ ಎಷ್ಟು ದುಡ್ಡು ಕಟ್ಟಬೇಕು ಅಂತ ನೋಟಿಸ್ ಬೋರ್ಡಿಗೆ ಹಾಕುತ್ತಾರೆ. ಗಡುವಿನೊಳಗೆ ಕಟ್ಟದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ನಾನು ಎರಡು ದಿನಕ್ಕೊಮ್ಮೆ ಹೋಗಿ ಬೋರ್ಡ್ ನೋಡುತ್ತಿದ್ದೆ. ನಕಲಿನ ಮೇಲೆ ಅರ್ಜಿ ಕೊಟ್ಟ ದಿನ, ದುಡ್ಡು ಕಟ್ಟಿದ ದಿನ, ನಕಲು ತಯಾರಾದ ದಿನ, ಎಲ್ಲ ಬರೆದಿರುತ್ತಾರೆ. ಅದು ಸುಮ್ನೆ ಅಲ್ಲ. ಮೇಲ್ಮನವಿಗೆ ಹೋಗುವವರಿಗೆ ನಕಲು ಪಡೆಯಲು ಹಿಡಿದ ದಿನಗಳನ್ನು ಗಡುವಿನಿಂದ ಬಿಟ್ಟು ಲೆಕ್ಕ ಹಾಕುತ್ತಾರೆ. ಆದ್ದರಿಂದ ಈಗಷ್ಟೇ ತೀರ್ಪಾಗಿರುವವರು ಅದೇ ದಿನ ನಕಲಿಗೆ ಅರ್ಜಿ ಹಾಕುವುದು ಕ್ಷೇಮ.

ನಾನು ಮೊದಲು ಕೇಳಿದ್ದು ಎರಡೂ ಕೋರ್ಟಿನ ಜಜ್ಮೆಂಟ್ ಮತ್ತು ಡಿಕ್ರಿ ಮಾತ್ರ. ಡಿಕ್ರಿಯಲ್ಲಿ ಹೊಲದ ಚಕ್ಕುಬಂದಿ ಇರುವ ಷೆಡ್ಯೂಲ್ ಇದೆಯೇ ಅಂತ ಅಲ್ಲೇ ನಿಂತು ನೋಡಿಕೊಂಡೆ. ಸರ್ವೆ ನಂಬರ್, ಗುಂಟೆ ಎಲ್ಲ ಉತಾರಕ್ಕೆ ತಾಳೆಯಾಯಿತು. ಕೆಳ ಕೋರ್ಟಿನ ಜಜ್ಮೆಂಟಿನ ಕೊನೆಯ ಪುಟ ಮಾತ್ರ ನನಗೆ ಬೇರೆಯೇ ಬಾಗಿಲು ತೆಗೆಯಿತು. ಯಾರು ಯಾರು ಸಾಕ್ಷಿ ಹೇಳಿದರು, ಯಾವ ಯಾವ ಕಾಗದ ಹಾಜರುಪಡಿಸಿದರು ಅಂತ ಅಲ್ಲಿ ಪಟ್ಟಿ ಇರುತ್ತದೆ. ವಾದಿಯ ಒಂದನೇ ಸಾಕ್ಷಿ, ನಮ್ಮ ಅಜ್ಜ. ನಿಶಾನೆ ಪಿ.1, ಅಂದರೆ ವಾದಿ ಕಡೆಯ ಮೊದಲ ಕಾಗದ, ಹೊಲದ ಮೂಲ ಖರೀದಿ ಪತ್ರ. ನಾವು ಕಳೆದುಹೋಯಿತು ಅಂದುಕೊಂಡಿದ್ದ ಪತ್ರ ಇಷ್ಟು ವರ್ಷ ಕೋರ್ಟಿನಲ್ಲೇ ಇತ್ತು. ಕೇಸು ಮುಗಿದ ಮೇಲೆ ಮೂಲ ಕಾಗದ ಹಿಂದಕ್ಕೆ ಕೊಡಿ ಅಂತ ಅರ್ಜಿ ಹಾಕಬಹುದು. ಹಾಕಿದ್ದೇನೆ.

ಅದರ ಜೊತೆ ಅಜ್ಜನ ಸಾಕ್ಷಿ ಹೇಳಿಕೆಯ ನಕಲನ್ನೂ ಕೇಳಿದೆ. ಬ್ಯಾಂಕಿಗೆ ಅದು ಬೇಕಿರಲಿಲ್ಲ. ನನಗೆ ಬೇಕಿತ್ತು. ಒಂಬತ್ತು ಪುಟ ಬಂತು, ಕನ್ನಡದಲ್ಲಿ. ಮೇಲೆ ಅಜ್ಜನ ಹೆಸರು, ವಯಸ್ಸು 64, ಉದ್ಯೋಗ ಒಕ್ಕಲುತನ. ಪ್ರತಿ ಪುಟದ ಕೆಳಗೆ ಹೆಬ್ಬೆಟ್ಟಿನ ಗುರುತು, ಜೆರಾಕ್ಸಿನಲ್ಲಿ ಸ್ವಲ್ಪ ಮಸುಕಾಗಿತ್ತು. ರಾತ್ರಿ ಊಟ ಆದ ಮೇಲೆ ಅವ್ವ, ಕಾಕಾ ಇಬ್ಬರನ್ನೂ ಕೂರಿಸಿ ಓದಿದೆ. ಬಾಂದಿನ ಕಲ್ಲನ್ನು ಯಾರು ಕಿತ್ತರು ಅಂತ ಎದುರು ವಕೀಲರು ಕೇಳಿದ ಪ್ರಶ್ನೆಗೆ ಅಜ್ಜನ ಉತ್ತರ ಬಂದಾಗ ಕಾಕಾ "ಹೂಂ, ಹಿಂಗ ಮಾತಾಡ್ತಿದ್ದ ಅಪ್ಪ" ಅಂದರು. ಅವ್ವ ಆ ಪುಟವನ್ನು ಇನ್ನೊಮ್ಮೆ ಓದಲು ಹೇಳಿದರು.